ಗ್ರಿಡ್ ಎಂಬ ಮುಯ್ಯಾಳು

ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ನಿಮಗೆ ಗೊತ್ತಿರಬಹುದು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬನ್ನಿ. ಕೂಲಿಯ ಮಾತಿಲ್ಲ. ಗ್ರಿಡ್ ಕಂಪ್ಯೂಟಿಂಗ್ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ಥಟ್ಟನೆ ನೆನಪಾಗುವುದು ಇದೇ. ಬೇರೆ ಬೇರೆ ಸಂಸ್ಥೆಗಳ ಕಂಪ್ಯೂಟರುಗಳನ್ನು ಜಾಲದ ಮೂಲಕ ಜೋಡಿಸಿ, ಒಬ್ಬರ ಲೆಕ್ಕ ಇನ್ನೊಬ್ಬರ ಯಂತ್ರದಲ್ಲಿ ನಡೆಯುವ ಹಾಗೆ ಮಾಡುವುದು. ಆದರೆ ಇದರ ಚರಿತ್ರೆ ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಯಂತ್ರಗಳನ್ನು ಜೋಡಿಸಿದ್ದಕ್ಕಿಂತ, ಸಂಶೋಧಕರನ್ನು ಆ ಯಂತ್ರಗಳ ಹತ್ತಿರ ಕರೆತಂದದ್ದೇ ದೊಡ್ಡ ಕೆಲಸ!

ಕತೆ ಶುರುವಾಗುವುದು 1980ರ ದಶಕದ ಅಮೆರಿಕದಲ್ಲಿ. ಆಗ ಅಲ್ಲಿನ ದೊಡ್ಡ ಸೂಪರ್‌ಕಂಪ್ಯೂಟರುಗಳು ಹೆಚ್ಚಾಗಿ ಅಣ್ವಸ್ತ್ರ ಪ್ರಯೋಗಾಲಯಗಳಲ್ಲಿದ್ದವು. ವಿಶ್ವವಿದ್ಯಾಲಯದ ಸಾಮಾನ್ಯ ವಿಜ್ಞಾನಿಗೆ ಅವು ಸುಲಭಕ್ಕೆ ಸಿಗುತ್ತಿರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಖಭೌತ ವಿಜ್ಞಾನಿ ಲ್ಯಾರಿ ಸ್ಮಾರ್ ತಮ್ಮ ಲೆಕ್ಕಗಳಿಗಾಗಿ ಜರ್ಮನಿಯ ಮ್ಯೂನಿಕ್‌ಗೆ ಹೋಗಬೇಕಾಯಿತು. ಅಲ್ಲಿದ್ದದ್ದು ಯಾವ ಯಂತ್ರ ಗೊತ್ತೇ? ಅಮೆರಿಕದಲ್ಲೇ ತಯಾರಾದ ಕ್ರೇ! ಸ್ಮಾರ್ ಮತ್ತಿತರರ ಒತ್ತಾಯದ ಫಲವಾಗಿ 1985ರಿಂದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ವಿಶ್ವವಿದ್ಯಾಲಯಗಳಿಗಾಗಿ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ತೆರೆಯಿತು. ಅವುಗಳನ್ನು ಮುಟ್ಟಲು 1986ರಲ್ಲಿ ಎಳೆದ ಜಾಲವೇ ಮುಂದೆ ಇಂಟರ್ನೆಟ್ಟಿನ ಬೆನ್ನೆಲುಬಾಯಿತು.

ಇತ್ತ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಮತ್ತು ಸಂಗಡಿಗರು 1988ರಲ್ಲಿ ಕಾಂಡರ್ ಎಂಬ ತಂತ್ರಾಂಶ ಬರೆದರು. ಯಾರೂ ಬಳಸದೆ ಸುಮ್ಮನೆ ಕುಳಿತ ಕಂಪ್ಯೂಟರುಗಳನ್ನು ಹುಡುಕಿ, ಬೇರೆಯವರ ಲೆಕ್ಕವನ್ನು ಅಲ್ಲಿ ಓಡಿಸುವುದು ಅದರ ಕೆಲಸ. ಯಂತ್ರದ ಮಾಲೀಕ ವಾಪಸ್ ಬಂದು ಕೀಲಿಮಣೆ ಮುಟ್ಟಿದರೆ ಲೆಕ್ಕ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ. ಆಮೇಲೆ 1995ರಲ್ಲಿ ಐ-ವೇ ಎಂಬ ಪ್ರಯೋಗದಲ್ಲಿ 17 ಕೇಂದ್ರಗಳನ್ನು ಒಟ್ಟಿಗೆ ಜೋಡಿಸಿ ತೋರಿಸಿದರು. ಅದರ ಅನುಭವದಿಂದ ಗ್ಲೋಬಸ್ ತಂತ್ರಾಂಶ ಬೆಳೆಯಿತು. 1998ರಲ್ಲಿ ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸೆಲ್‌ಮನ್ ಸಂಪಾದಿಸಿದ ಪುಸ್ತಕ ಬಂತು. ಗ್ರಿಡ್ ಎಂಬ ಹೆಸರು ಬಂದದ್ದು ವಿದ್ಯುತ್ ಜಾಲದಿಂದ. ಸ್ವಿಚ್ ಒತ್ತಿದರೆ ಕರೆಂಟು ಬರುವ ಹಾಗೆ, ಬೇಕೆಂದಾಗ ಗಣನಶಕ್ತಿ ಸಿಗಬೇಕು ಎನ್ನುವುದು ಕನಸು.

ಹೋಲಿಕೆ ಚೆನ್ನಾಗಿದೆ, ಆದರೆ ಎಡವಟ್ಟಾದದ್ದೂ ಇಲ್ಲೇ. ಸ್ವಿಚ್ ಒತ್ತುವಾಗ "ನೀನು ಯಾರು?" ಅಂತ ಯಾರೂ ಕೇಳುವುದಿಲ್ಲ. ಗ್ರಿಡ್ ಕೇಳುತ್ತದೆ.

2001ರಲ್ಲಿ ಅಮೆರಿಕ 5.3 ಕೋಟಿ ಡಾಲರ್ ಕೊಟ್ಟು ನಾಲ್ಕು ಸಂಸ್ಥೆಗಳ ಟೆರಾಗ್ರಿಡ್ ಯೋಜನೆ ಶುರುಮಾಡಿತು. ಮುಂದೆ ಅದು 11 ಕೇಂದ್ರಗಳಿಗೆ ಬೆಳೆಯಿತು. ಈಗ ಒಬ್ಬ ರಸಾಯನಶಾಸ್ತ್ರದ ಸಂಶೋಧಕಿಯನ್ನು ಊಹಿಸಿಕೊಳ್ಳಿ. ಆಕೆಗೆ ಬೇಕಾದದ್ದು ಒಂದು ಅಣುವಿನ ಲೆಕ್ಕ. ಮೊದಲು ಯಂತ್ರದ ಸಮಯಕ್ಕಾಗಿ ಅರ್ಜಿ ಬರೆಯಬೇಕು. ಆಮೇಲೆ ತಾನು ಯಾರೆಂದು ಹೇಳುವ ಡಿಜಿಟಲ್ ಸರ್ಟಿಫಿಕೇಟ್ ಸಂಪಾದಿಸಬೇಕು. ಅದರಿಂದ ಪ್ರಾಕ್ಸಿ ಎಂಬ ತಾತ್ಕಾಲಿಕ ರಹದಾರಿ ಮಾಡಿಕೊಳ್ಳಬೇಕು. ಗ್ಲೋಬಸ್‌ನಲ್ಲಿ ಬೇರೇನೂ ಹೇಳದಿದ್ದರೆ ಅದರ ಆಯುಷ್ಯ 12 ಗಂಟೆ. ಎರಡು ದಿನ ಓಡುವ ಲೆಕ್ಕವಿದ್ದರೆ ನಡುವೆ ರಹದಾರಿ ಮುಗಿಯದಂತೆ ನೋಡಿಕೊಳ್ಳಬೇಕು! ಸಾಲದ್ದಕ್ಕೆ ಒಂದು ಕೇಂದ್ರದಲ್ಲಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಓಡಬೇಕೆಂದೇನಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ಹಾಗಂತ ಸರ್ಟಿಫಿಕೇಟ್ ಮಾಡಿದವರು ದಡ್ಡರಲ್ಲ. ಮುಯ್ಯಾಳಿನಲ್ಲಿ ಎಲ್ಲರಿಗೂ ಎಲ್ಲರ ಮುಖಪರಿಚಯ ಇರುತ್ತದೆ. ಗ್ರಿಡ್‌ನಲ್ಲಿ ಸಾವಿರಾರು ಮೈಲಿ ದೂರದ ಅಪರಿಚಿತರ ಪ್ರೋಗ್ರಾಂ ನಮ್ಮ ಯಂತ್ರದಲ್ಲಿ ಓಡಬೇಕು. ನಂಬಿಕೆಗೆ ಏನಾದರೂ ಆಧಾರ ಬೇಕಲ್ಲವೇ?

ಪರಿಹಾರ ಎರಡು ದಾರಿಯಲ್ಲಿ ಬಂತು. ಒಂದು, ಬ್ರೌಸರ್ ಮೂಲಕ ಬಳಸುವ ವಿಜ್ಞಾನ ದ್ವಾರಗಳು. ನ್ಯಾನೋ ತಂತ್ರಜ್ಞಾನಕ್ಕೆ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನೋಹಬ್, ಜೀವಿಗಳ ವಂಶವೃಕ್ಷ ಲೆಕ್ಕ ಹಾಕಲು ಸ್ಯಾನ್ ಡಿಯೇಗೋದ ಸಿಪ್ರೆಸ್. ಜೀವಶಾಸ್ತ್ರಜ್ಞರು ಮಾಹಿತಿ ಏರಿಸಿ ಗುಂಡಿ ಒತ್ತಿದರೆ ಸಾಕು, ಸರ್ಟಿಫಿಕೇಟಿನ ರಗಳೆಯೆಲ್ಲ ಪರದೆಯ ಹಿಂದೆ. ಎರಡನೆಯದು ನನಗೆ ಇನ್ನೂ ಇಷ್ಟವಾದದ್ದು. 2008ರಲ್ಲಿ ಟೆರಾಗ್ರಿಡ್ 'ಕ್ಯಾಂಪಸ್ ಚಾಂಪಿಯನ್ಸ್' ಯೋಜನೆ ಶುರುಮಾಡಿತು. ಪ್ರತಿ ಕ್ಯಾಂಪಸ್ಸಿನಲ್ಲಿ ಅಲ್ಲಿನವರೇ ಒಬ್ಬರು. ಹೊಸಬರಿಗೆ ಪ್ರಯೋಗ ಮಾಡಲು ಅವರ ಬಳಿ ಒಂದಷ್ಟು ಯಂತ್ರಸಮಯ. ಪಕ್ಕದ ಕಟ್ಟಡಕ್ಕೆ ಹೋಗಿ "ಸ್ವಲ್ಪ ತೋರಿಸಿಕೊಡಿ" ಅಂದರೆ ಆಯಿತು. ಟೆರಾಗ್ರಿಡ್ 2011ರಲ್ಲಿ ಮುಗಿಯಿತು. ಈ ಚಾಂಪಿಯನ್‌ಗಳ ಬಳಗ ಅದರ ನಂತರವೂ ಉಳಿಯಿತು.

ಭಾರತದ ಗ್ರಿಡ್‌ನ ಹೆಸರು ಗರುಡ. ಸಿಡ್ಯಾಕ್ ಸಂಸ್ಥೆಯ ಈ ಯೋಜನೆ ಮೊದಲ ಹಂತದಲ್ಲಿ 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತು. ನಮ್ಮ ದೇಶದ ಸಂಶೋಧಕರಿಗೆ ಗ್ರಿಡ್ ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರವನ್ನು ಸಿಡ್ಯಾಕ್ ನಡೆಸಿದ್ದು ಬೆಂಗಳೂರಿನಿಂದ. ಇನ್ನೊಂದು ಕಡೆ, ಸರ್ನ್‌ನ ಕಣ ಪ್ರಯೋಗಗಳ ಗ್ರಿಡ್ ಇವತ್ತಿಗೂ ಜೋರಾಗಿ ನಡೆಯುತ್ತಿದೆ. ಮುಂಬಯಿ, ಕೋಲ್ಕತ್ತಾಗಳಲ್ಲೂ ಅದರ ಕೇಂದ್ರಗಳಿವೆ. ಅಲ್ಲಿ ಸಾವಿರಾರು ಭೌತವಿಜ್ಞಾನಿಗಳು ಒಂದೇ ಕುಟುಂಬದವರಂತೆ. ಒಬ್ಬರಿಗೆ ಗೊತ್ತಿಲ್ಲದ್ದನ್ನು ಪಕ್ಕದವರು ಹೇಳಿಕೊಡುತ್ತಾರೆ. ಒಂಟಿ ಸಂಶೋಧಕರಿಗೆ ಈ ಅನುಕೂಲ ಇಲ್ಲ.

2006ರಲ್ಲಿ ಅಮೆಜಾನ್ ಗಂಟೆ ಲೆಕ್ಕದಲ್ಲಿ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡಲು ಶುರುಮಾಡಿತು. ಅಲ್ಲಿ ಕ್ರೆಡಿಟ್ ಕಾರ್ಡೇ ಸರ್ಟಿಫಿಕೇಟ್! ಕೆಲಸ ಸಲೀಸಾಯಿತು ನಿಜ. ಆದರೆ ದುಡ್ಡಿಲ್ಲದವರು ಮತ್ತೆ ಬಾಗಿಲಾಚೆಗೇ ಉಳಿದರು. ಹಂಚಿಕೊಂಡು ಬಳಸುವ ಯಂತ್ರಗಳು ಈಗಲೂ ಬೇಕಾಗಿರುವುದು ಅದಕ್ಕೇ.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಬಂತು. ಇಂಥ ಯಂತ್ರ ಬಂದಾಗ ಪೇಟಾಫ್ಲಾಪ್ಸ್ ಎಷ್ಟು ಅಂತ ಎಲ್ಲರೂ ಬರೆಯುತ್ತಾರೆ. ನಾನು ಕೇಳಬೇಕೆಂದಿರುವುದು ಬೇರೆ. ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಕೂತು ಸಂಶೋಧನೆ ಮಾಡುವ ಉಪನ್ಯಾಸಕರಿಗೆ ದೊಡ್ಡ ಲೆಕ್ಕವೊಂದು ಎದುರಾದರೆ, "ಬನ್ನಿ, ತೋರಿಸಿಕೊಡ್ತೀನಿ" ಅನ್ನುವವರು ಅವರ ಕಾಲೇಜಿನಲ್ಲಿ ಯಾರಿದ್ದಾರೆ?