ಕೊಂಬು ಹೇಳಿದ ತಿಂಗಳು ಒಂದು, ಹಲ್ಲು ಹೇಳಿದ್ದು ಇನ್ನೊಂದು

ಘಾಟಿ ಜಾತ್ರೆಯಲ್ಲಿ ಹೋರಿ ಕೊಳ್ಳಲು ಹೋದವರು ಮಾರುವವನ ಮಾತನ್ನು ನಂಬಿ ದುಡ್ಡು ಎಣಿಸುವುದಿಲ್ಲ. ತುಟಿ ಎತ್ತಿ ಬಾಯಿ ನೋಡುತ್ತಾರೆ. ಹಾಲು ಹಲ್ಲೋ, ಎರಡು ಹಲ್ಲೋ, ನಾಲ್ಕೋ, ಇಲ್ಲ ಬಾಯಿ ಕೂಡಿದೆಯೋ ಎಂದು ಕಣ್ಣಳತೆಯಲ್ಲೇ ವಯಸ್ಸು ಹೇಳುತ್ತಾರೆ. ಇದೇ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಸುಮಾರು ಹನ್ನೊಂದು ಸಾವಿರ ವರ್ಷ ಹಳೆಯ ಜಿಂಕೆ ದವಡೆಗಳ ಮೇಲೆ ಬಳಸಿದರು. ಗೊತ್ತಾಗಬೇಕಿದ್ದದ್ದು ಒಂದೇ ವಿಷಯ: ಆ ಜೌಗಿನ ಅಂಚಿನಲ್ಲಿ ಜನ ಯಾವ ತಿಂಗಳಲ್ಲಿ ಬೇಟೆಗೆ ಬರುತ್ತಿದ್ದರು?

ಜಾಗದ ಹೆಸರು ಸ್ಟಾರ್ ಕಾರ್. ಉತ್ತರ ಯಾರ್ಕ್‌ಷೈರಿನಲ್ಲಿ, ಸ್ಕಾರ್ಬರೋ ಎಂಬ ಸಮುದ್ರದಂಡೆಯ ಊರಿನ ಹತ್ತಿರ ಇದೆ. ಈಗ ನೋಡಿದರೆ ಸಪಾಟಾದ ಹೊಲ. ಆಗ ಅಲ್ಲೊಂದು ದೊಡ್ಡ ಕೆರೆ ಇತ್ತು, ಅಂಚಿಗೆಲ್ಲ ಜೊಂಡು. ಹಿಮಯುಗ ಮುಗಿದು ಕೆಲವು ನೂರು ವರ್ಷವಷ್ಟೇ ಆಗಿತ್ತು. ಉಳುಮೆ ಇಲ್ಲ, ದನ ಸಾಕಣೆ ಇಲ್ಲ. ನೀರಿನ ಹತ್ತಿರ ಮೇಯಲು ಬರುತ್ತಿದ್ದ ಪ್ರಾಣಿಗಳೇ ಜನರಿಗೆ ಆಧಾರ: ನಮ್ಮ ಕಡವೆಯನ್ನು ಹೋಲುವ ಕೆಂಪು ಜಿಂಕೆ, ಆಡಿನಷ್ಟಿರುವ ರೋ ಜಿಂಕೆ, ಕುದುರೆಯಷ್ಟು ಎತ್ತರದ ಎಲ್ಕ್, ಕಾಡುದನ.

ಬಿಲ್ಲು ಹಿಡಿದವನಿಗೆ ಕಾಲ ಬಹಳ ಮುಖ್ಯ. ಬಾಣ ನಾಟಬೇಕಾದರೆ ಜಿಂಕೆಯ ಹತ್ತಿರಕ್ಕೆ, ಗಾಳಿಯಲ್ಲಿ ಮೈವಾಸನೆ ಹೋಗದ ಹಾಗೆ ಸರಿಯಬೇಕು. ಜೊಂಡು ಎತ್ತರ ಬೆಳೆದಾಗ ಅಡಗಲು ಸುಲಭ, ಆದರೆ ಜಿಂಕೆಯೂ ಅಡಗುತ್ತದೆ. ಕೆಂಪು ಜಿಂಕೆಯ ಗಂಡು ಬೇಸಿಗೆ ಮುಗಿಯುವ ಹೊತ್ತಿಗೆ ಮೈತುಂಬ ಕೊಬ್ಬು ಕಟ್ಟಿರುತ್ತದೆ. ಅಕ್ಟೋಬರಿನ ಆಸುಪಾಸು ಬೆದೆಯ ಕಾಲ. ಆಗ ಮೇವು ಬಿಟ್ಟು ಕಾದಾಡಿ ಸೊರಗುತ್ತದೆ. ತಿಂಗಳೊಪ್ಪತ್ತು ಹಿಂದುಮುಂದಾದರೆ ಒಂದೇ ಜಿಂಕೆಯಿಂದ ಸಿಗುವ ಮಾಂಸ ಕೊಬ್ಬು ಎರಡೂ ಬೇರೆ. ಬರವಣಿಗೆಯಿಲ್ಲದ ಆ ಜನರ ತಲೆಯಲ್ಲಿ ಈ ಪಂಚಾಂಗ ಇದ್ದೇ ಇರಬೇಕು.

ಬಿಲ್ಲು ಇತ್ತೆಂದು ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಮರದ ವಸ್ತು ಜೌಗಿನಲ್ಲಿ ಸಾವಿರಾರು ವರ್ಷ ಉಳಿಯಬಲ್ಲದು. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜೌಗಿನಲ್ಲಿ 1944ರಲ್ಲಿ ಎಲ್ಮ್ ಮರದ ಬಿಲ್ಲುಗಳು ಸಿಕ್ಕವು, ವಯಸ್ಸು ಸುಮಾರು 9000 ವರ್ಷ. ಸ್ವೀಡನ್ನಿನ ಲೋಶುಲ್ಟ್ ಎಂಬಲ್ಲಿ ಸಿಕ್ಕ ಬಾಣಕ್ಕೆ ಸಣ್ಣ ಕಲ್ಲಿನ ಚೂರುಗಳನ್ನು ಮರದ ಅಂಟಿನಿಂದ ಕೂರಿಸಿದ್ದರು. ಅಂಥ ಉಗುರಿನಷ್ಟರ ಚೂರುಗಳು ಸ್ಟಾರ್ ಕಾರ್‌ನಲ್ಲೂ ಇವೆ. (ನಮ್ಮ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲೂ ಸಣ್ಣ ಕಲ್ಲಿನ ಆಯುಧಗಳು ಸಿಕ್ಕಿವೆ, ಆದರೆ ಅದು ಬೇರೆ ಕತೆ.)

ಸ್ಟಾರ್ ಕಾರ್ ಇರುವುದನ್ನು ಮೊದಲು ಗುರುತಿಸಿದ್ದು ಅದೇ ಸೀಮೆಯ ಜಾನ್ ಮೂರ್. ಅವರು ಯಾವ ಯೂನಿವರ್ಸಿಟಿಯವರೂ ಅಲ್ಲ, ಹವ್ಯಾಸಕ್ಕೆ ಹಳೆಯ ಕಲ್ಲು ಹುಡುಕುತ್ತಿದ್ದವರು. ಆಮೇಲೆ ಕೇಂಬ್ರಿಡ್ಜಿನ ಗ್ರಹಾಂ ಕ್ಲಾರ್ಕ್ 1949ರಿಂದ 1951ರವರೆಗೆ ಅಗೆಸಿದರು. ಕಪ್ಪು ಕೊಳೆಮಣ್ಣಿನಲ್ಲಿ ಎಲುಬು, ಕೊಂಬು, ಮರ ಎಲ್ಲವೂ ಚೆನ್ನಾಗಿ ಉಳಿದಿದ್ದವು. ಕೊಂಬಿನಿಂದ ಕೆತ್ತಿದ, ಹಲ್ಲುಹಲ್ಲಾದ ಈಟಿಮೊನೆಗಳೇ 191. ತಲೆಬುರುಡೆಯ ಸಮೇತ ಇದ್ದ 21 ಕೊಂಬುಗಳನ್ನು ಕೆತ್ತಿ ತೂತು ಕೊರೆದು ತಲೆಗೆ ಕಟ್ಟಿಕೊಳ್ಳುವ ಹಾಗೆ ಮಾಡಿದ್ದರು. ಜಿಂಕೆಯ ವೇಷದಲ್ಲಿ ಹತ್ತಿರ ಸರಿಯಲೋ, ಕುಣಿತಕ್ಕೋ ಎಂಬ ಚರ್ಚೆ ಇನ್ನೂ ನಿಂತಿಲ್ಲ.

ಕ್ಲಾರ್ಕ್ ಕಾಲ ಲೆಕ್ಕ ಹಾಕಿದ್ದು ಕೊಂಬಿನಿಂದ. ದನದ ಕೊಂಬು ಬೀಳುವುದಿಲ್ಲ, ಜಿಂಕೆಯದು ವರ್ಷವರ್ಷ ಬಿದ್ದು ಹೊಸದು ಬರುತ್ತದೆ. ಕಾಡಂಚಿನ ಊರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. (ಬಿದ್ದದ್ದು ಸಿಕ್ಕರೂ ಮನೆಗೆ ತರಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ.) ಅಲ್ಲಿನ ಕೆಂಪು ಜಿಂಕೆಯ ಕೊಂಬು ಬೀಳುವುದು ಮಾರ್ಚ್-ಏಪ್ರಿಲ್‌ನಲ್ಲಿ. ಬುರುಡೆಗೆ ಅಂಟಿದ ಗಟ್ಟಿ ಕೊಂಬು ಸಿಕ್ಕರೆ ಆ ಜಿಂಕೆ ಸತ್ತದ್ದು ಮಳೆಗಾಲದ ಕೊನೆಯಿಂದ ಚಳಿಗಾಲದ ಕೊನೆಯೊಳಗೆ. ಉದುರಿದ ಕೊಂಬು ಸಿಕ್ಕರೆ ಏಪ್ರಿಲ್ ಹೊತ್ತಿಗೆ ಜನ ಅಲ್ಲಿದ್ದರು. ಎರಡನ್ನೂ ಕೂಡಿಸಿ ಅವರು ಹೇಳಿದ್ದು: ಚಳಿಗಾಲದಲ್ಲಿ ಬಂದು ಬೀಡುಬಿಟ್ಟು, ಬೇಸಿಗೆ ಹತ್ತಿರವಾದಂತೆ ಬೇರೆ ಕಡೆ ಹೋಗುತ್ತಿದ್ದರು. 1954ರಲ್ಲಿ ಬಂದ ಅವರ ಪುಸ್ತಕವನ್ನು ಆ ಕಾಲದ ವಿದ್ಯಾರ್ಥಿಗಳೆಲ್ಲ ಓದಿದರು, ಚಳಿಗಾಲದ ಬೀಡು ಎಂಬುದು ಪಾಠವಾಯಿತು.

ತಪ್ಪು ಎಲ್ಲಿತ್ತು? ನಮಗೆ ಇದು ಓದಿದ ಮೇಲೆ ಸರಳ ಅನಿಸಿತು, ಆದರೆ ಹಿಡಿಯಲು ವರ್ಷಗಳೇ ಬೇಕಾದವು. ಕೊಂಬು ಆ ಜನರಿಗೆ ಕಚ್ಚಾಮಾಲು, ಈಟಿಮೊನೆ ಮಾಡುವುದು ಅದರಿಂದಲೇ. ಎಲ್ಲೋ ಸಿಕ್ಕದ್ದನ್ನು ಹೊತ್ತು ತರಬಹುದು, ವರ್ಷಗಟ್ಟಲೆ ಇಟ್ಟುಕೊಳ್ಳಬಹುದು. ನಿಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ನೇಗಿಲಿಗೆಂದು ಇಟ್ಟ ಮರ ನೋಡಿ, ಅದನ್ನು ಕಡಿದ ತಿಂಗಳಲ್ಲೇ ನೀವು ಉಳುತ್ತಿದ್ದಿರಿ ಎಂದರೆ ಹೇಗಿರುತ್ತದೆ?

1988ರಲ್ಲಿ ಟೋನಿ ಲೆಗ್ ಮತ್ತು ಪೀಟರ್ ರೌಲಿ-ಕಾನ್ವಿ ಕೊಂಬನ್ನು ಪಕ್ಕಕ್ಕಿಟ್ಟರು. ದವಡೆಯನ್ನು ಯಾರೂ ಸಾಮಾನು ಮಾಡಲೆಂದು ಕೂಡಿಡುವುದಿಲ್ಲ, ಪ್ರಾಣಿ ಕೊಂದ ಕಡೆ ಬಿಸಾಡುತ್ತಾರೆ. ರೋ ಜಿಂಕೆ ಮರಿ ಹಾಕುವುದು ಮೇ-ಜೂನ್‌ನಲ್ಲಿ. ಅಲ್ಲಿ ಸಿಕ್ಕ ಎಳೆಯ ದವಡೆಗಳಲ್ಲಿ ಹಲವು, ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ಸುಮಾರು ಒಂದು ವರ್ಷದ ಜಿಂಕೆಗಳವು. ಹುಟ್ಟಿದ ತಿಂಗಳು ಗೊತ್ತಿದೆ, ವಯಸ್ಸು ಹಲ್ಲಿನಲ್ಲಿದೆ, ಕೂಡಿದರೆ ಸತ್ತ ತಿಂಗಳು. ಚಳಿಗಾಲವಲ್ಲ, ಬೇಸಿಗೆಯ ಆರಂಭ. ಜಾತ್ರೆಯ ದಲ್ಲಾಳಿಗೂ ಅರ್ಥವಾಗುವ ಲೆಕ್ಕ.

ಅಲ್ಲಿಗೂ ಮುಗಿಯಲಿಲ್ಲ. 1990ರ ದಶಕದಲ್ಲಿ ರಿಚರ್ಡ್ ಕಾರ್ಟರ್ ದವಡೆಗಳ ಎಕ್ಸ್‌ರೇ ತೆಗೆದು, ಒಸಡಿನೊಳಗೆ ಇನ್ನೂ ಬೆಳೆಯುತ್ತಿದ್ದ ಹಲ್ಲನ್ನು ನೋಡಿದರು. ಅವರ ಲೆಕ್ಕದಲ್ಲಿ ಕೆಲವು ಜಿಂಕೆಗಳು ಚಳಿಗಾಲದಲ್ಲೇ ಸತ್ತಿದ್ದವು. ಹಾಗಾದರೆ ಸರಿ ಯಾರು? ನಿಕಿ ಮಿಲ್ನರ್, ಚಾಂಟಲ್ ಕಾನೆಲ್ಲರ್, ಬ್ಯಾರಿ ಟೇಲರ್ ಸೇರಿ 2004ರಿಂದ 2015ರವರೆಗೆ ಮತ್ತೆ ಅಗೆದಾಗ ಕಂಬ ನೆಟ್ಟ ಮನೆಯ ಗುರುತು, ನೀರಂಚಿಗೆ ಹಾಸಿದ ಮರದ ಹಲಗೆಗಳು ಸಿಕ್ಕವು. ಜನ ಆ ಜಾಗಕ್ಕೆ ಸುಮಾರು 800 ವರ್ಷ ಮತ್ತೆ ಮತ್ತೆ ಬಂದಿದ್ದರು. ಇಷ್ಟು ತಲೆಮಾರುಗಳು ಒಂದೇ ತಿಂಗಳಿಗೆ ಕಟ್ಟುಬಿದ್ದು ಬಂದವೆಂದು ಒಂದು ಉತ್ತರ ಹುಡುಕಿದ್ದೇ ಅವಸರವಾಯಿತು ಎಂದು ನಮಗನಿಸುತ್ತದೆ.

ಆದರೆ ಹೊಸ ಅಗೆತದವರಿಗೆ ಬೇರೆಯೇ ಆತಂಕ ಕಾದಿತ್ತು. ಸುತ್ತಲ ಹೊಲಗಳ ನೀರು ಹರಿಸಲು ಕಾಲುವೆ, ಪೈಪು ಹಾಕಿದ್ದರಿಂದ ಕೊಳೆಮಣ್ಣು ಒಣಗುತ್ತಿತ್ತು. ಗಾಳಿ ಒಳಗೆ ಹೋದಾಗ ಮಣ್ಣಿನ ಗಂಧಕದಿಂದ ಆಸಿಡ್ ಆಗುತ್ತದೆ, ಬ್ಯಾಟರಿಗೆ ಹಾಕುತ್ತಾರಲ್ಲ ಅದೇ ಜಾತಿಯದು. ಕ್ಲಾರ್ಕ್ ಕಾಲದಲ್ಲಿ ಕಲ್ಲಿನಂತಿದ್ದ ಎಲುಬು ಈಗ ಕೆಲವು ಕಡೆ ರಬ್ಬರಿನ ಹಾಗೆ ಬಾಗುತ್ತಿತ್ತು. ಅಲ್ಲಿನ ರೈತರ ಮೇಲೆ ಕೋಪಿಸಿಕೊಳ್ಳಲು ನಮಗೆ ಮನಸ್ಸಿಲ್ಲ, ನೀರು ನಿಂತ ಹೊಲದಲ್ಲಿ ಬೆಳೆ ಕೊಳೆಯುವುದನ್ನು ನಾವೂ ನೋಡಿದ್ದೇವೆ. ಹಾಗೇ ಬಿಟ್ಟರೆ ಇರುವುದೂ ಹೋಗುತ್ತದೆ ಎಂದು ಕೊನೆಯ ವರ್ಷಗಳಲ್ಲಿ ದೊಡ್ಡದಾಗಿ ಅಗೆದರು.

ಲೆಗ್ ಮತ್ತು ರೌಲಿ-ಕಾನ್ವಿ ಓದಿದ ದವಡೆಗಳು ಹೊಸದಾಗಿ ಅಗೆದವಲ್ಲ. ಕ್ಲಾರ್ಕ್ ತಮ್ಮ ಲೆಕ್ಕ ಮುಗಿದ ಮೇಲೂ ಎಸೆಯದೆ ಮ್ಯೂಸಿಯಂಗಳಿಗೆ ಕೊಟ್ಟು ಇಡಿಸಿದ್ದ ಅವೇ ದವಡೆಗಳು.