ಪ್ರಶ್ನೆ ಕೇಳಿದ ಗ್ಲಾಸ್ಗೋ ವಕೀಲೆ: ವಿನ್ನಿ ಯೂಯಿಂಗ್

ಸ್ಕಾಟ್ಲೆಂಡಿನ ಸಂಸತ್ತು ಎಂದೊಡನೆ ನಮ್ಮ ಕಣ್ಣು ಎಡಿನ್‌ಬರೊ ಕಡೆ ಹೊರಳುತ್ತದೆ. ಆ ಸಂಸತ್ತಿಗೆ ದಾರಿ ಮಾಡಿಕೊಟ್ಟವರಲ್ಲಿ ಮುಂಚೂಣಿಯಲ್ಲಿದ್ದವರು ಮಾತ್ರ ನಾವಿರುವ ಈ ಗ್ಲಾಸ್ಗೋದ ಮಗಳು.

ವಿನ್ನಿ ಯೂಯಿಂಗ್ ಹುಟ್ಟಿದ್ದು 1929ರಲ್ಲಿ, ಇದೇ ಊರಿನಲ್ಲಿ. ಓದಿದ್ದು ಕ್ವೀನ್ಸ್ ಪಾರ್ಕ್ ಶಾಲೆಯಲ್ಲಿ, ಆಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ. ಇಲ್ಲೇ ವಕೀಲಿ ಹಿಡಿದು, ಗ್ಲಾಸ್ಗೋ ವಕೀಲರ ಸಂಘದ ಕಾರ್ಯದರ್ಶಿಯೂ ಆದರು.

1967ರಲ್ಲಿ ಪಕ್ಕದ ಹ್ಯಾಮಿಲ್ಟನ್‌ಗೆ ಉಪಚುನಾವಣೆ ಬಂತು. ಗಣಿ ಕಾರ್ಮಿಕರ ಆ ಕ್ಷೇತ್ರ ಲೇಬರ್ ಪಕ್ಷದ ಭದ್ರಕೋಟೆ. ಹಿಂದಿನ ವರ್ಷವಷ್ಟೇ ಅಲ್ಲಿ ಲೇಬರ್‌ಗೆ ಶೇ. 70ಕ್ಕೂ ಹೆಚ್ಚು ಮತ ಬಿದ್ದಿತ್ತು. ನವೆಂಬರ್ 2ರ ಮತದಾನದಲ್ಲಿ, ಸ್ವತಂತ್ರ ಸ್ಕಾಟ್ಲೆಂಡ್ ಬಯಸುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ವಿನ್ನಿ 1,799 ಮತಗಳಿಂದ ಗೆದ್ದರು. ಲಿನ್‌ವುಡ್‌ನಲ್ಲಿ ತಯಾರಾದ ಹಿಲ್‌ಮನ್ ಇಂಪ್ ಕಾರಿನಲ್ಲಿ ಅವರು ವೆಸ್ಟ್‌ಮಿನ್‌ಸ್ಟರ್‌ಗೆ ಹೋದದ್ದು ಹಿರಿಯರಿಗೆ ಇಂದಿಗೂ ನೆನಪು. ಪಕ್ಷಕ್ಕೆ ಆಗ ಅವರೊಬ್ಬರೇ ಸಂಸದೆ. ಸದನದಲ್ಲಿ ಹಗೆತನದ ನಡುವೆಯೇ ಕೂರಬೇಕಾಯಿತು. ಆದರೆ ಪಾಟೀಸವಾಲಿನಲ್ಲಿ ಪಳಗಿದ ವಕೀಲೆ ಅವರು: ಸ್ಕಾಟ್ಲೆಂಡಿಗೆ ಏನು ಸಿಗುತ್ತಿದೆ, ಏನು ಸಿಗುತ್ತಿಲ್ಲ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿ ಸರ್ಕಾರದಿಂದ ಲಿಖಿತ ಉತ್ತರ ಪಡೆದರು. ಭಾಷಣ ಮಾಡುವವರು ಎಲ್ಲ ಕಾಲಕ್ಕೂ ಸಿಗುತ್ತಾರೆ. ಹೀಗೆ ಪಟ್ಟು ಬಿಡದೆ ಲೆಕ್ಕ ಕೇಳುವವರು ಅಪರೂಪ. ನನಗೆ ಅವರ ಮೇಲಿನ ಗೌರವ ಹುಟ್ಟಿದ್ದೇ ಇದರಿಂದ.

ಹ್ಯಾಮಿಲ್ಟನ್ ಗೆಲುವು ದೊಡ್ಡ ಪಕ್ಷಗಳ ನಿದ್ದೆ ಕೆಡಿಸಿತು. ಮರುವರ್ಷ ಪರ್ತ್‌ನಲ್ಲಿ ಕನ್ಸರ್ವೇಟಿವ್ ನಾಯಕ ಎಡ್ವರ್ಡ್ ಹೀತ್ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆಯ ಮಾತಾಡಿದರು. ಹೆರಾಲ್ಡ್ ವಿಲ್ಸನ್ ಸರ್ಕಾರ 1969ರಲ್ಲಿ ಸಂವಿಧಾನ ಕುರಿತ ರಾಯಲ್ ಕಮಿಷನ್ ನೇಮಿಸಿತು.

ಇತ್ತ ವಿನ್ನಿ 1970ರಲ್ಲಿ ಹ್ಯಾಮಿಲ್ಟನ್ ಕಳೆದುಕೊಂಡರು. 1974ರಲ್ಲಿ ಮೊರೆ ಮತ್ತು ನೇರ್ನ್ ಕ್ಷೇತ್ರದಲ್ಲಿ ಸ್ಕಾಟ್ಲೆಂಡ್ ಖಾತೆಯ ಸಚಿವರನ್ನೇ ಸೋಲಿಸಿ ಮರಳಿದರು. 1979 ಕಹಿ ವರ್ಷ. ಶಾಸನಸಭೆಯ ಜನಮತಗಣನೆಯಲ್ಲಿ ‘ಹೌದು’ ಎಂದವರೇ ಹೆಚ್ಚಿದ್ದರೂ, ಒಟ್ಟು ಮತದಾರರ ಶೇ. 40ರ ಷರತ್ತು ದಾಟದೆ ಯೋಜನೆ ಬಿತ್ತು. ಮುಂದಿನ ಚುನಾವಣೆಯಲ್ಲಿ ಪಕ್ಷದ 11 ಸ್ಥಾನ 2ಕ್ಕಿಳಿಯಿತು, ವಿನ್ನಿಯೂ ಸೋತರು. ಆದರೆ ಮನೆಯಲ್ಲಿ ಕೂರಲಿಲ್ಲ. ಅದೇ ವರ್ಷ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾಗಿ 20 ವರ್ಷ ಅಲ್ಲಿದ್ದರು. ‘ಮದಾಮ್ ಎಕೋಸ್’ (ಫ್ರೆಂಚಿನಲ್ಲಿ ‘ಶ್ರೀಮತಿ ಸ್ಕಾಟ್ಲೆಂಡ್’) ಎಂಬ ಹೆಸರು ಅಂಟಿದ್ದು ಅಲ್ಲೇ. ವಿದ್ಯಾರ್ಥಿಗಳ ಎರಾಸ್ಮಸ್ ಯೋಜನೆ ರೂಪುಗೊಂಡದ್ದರಲ್ಲೂ ಅವರ ಪಾಲಿದೆ.

1979ರಲ್ಲಿ ಬಿದ್ದುಹೋಗಿದ್ದ ಕನಸು ಕೊನೆಗೂ ಕೈಗೂಡಿ, 1999ರ ಮೇ 12ರಂದು ಹೊಸ ಸ್ಕಾಟಿಷ್ ಸಂಸತ್ತು ಎಡಿನ್‌ಬರೊದಲ್ಲಿ ಸೇರಿತು. ಅದಕ್ಕೆ ಆಯ್ಕೆಯಾಗಿದ್ದ ವಿನ್ನಿ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ್ದರಿಂದ ಅಂದಿನ ಆರಂಭಕ್ಕೆ ಅಧ್ಯಕ್ಷ ಪೀಠ ಅವರದಾಯಿತು. 1707ರ ಮಾರ್ಚ್ 25ರಂದು ಮುಂದೂಡಿದ್ದ ಸಂಸತ್ತು ಈಗ ಮತ್ತೆ ಸೇರಿದೆ ಎಂದು ಅವರು ಘೋಷಿಸಿದರು. ಮರುವರ್ಷ ಮೇ ತಿಂಗಳಲ್ಲಿ, ಚರ್ಚ್ ಆಫ್ ಸ್ಕಾಟ್ಲೆಂಡ್‌ಗೆ ಸಂಸತ್ತು ತಾತ್ಕಾಲಿಕವಾಗಿ ಸೇರುತ್ತಿದ್ದ ತನ್ನ ಸಭಾಭವನ ಬೇಕಾದಾಗ, ಆ ಸಂಸತ್ತು ಕೆಲಕಾಲ ನಮ್ಮೂರಿಗೇ ಬಂದು, ಹಳೆಯ ಸ್ಟ್ರಾತ್‌ಕ್ಲೈಡ್ ಕೌನ್ಸಿಲಿನ ಸಭಾಂಗಣದಲ್ಲಿ ಕಲಾಪ ನಡೆಸಿತು. 2003ರವರೆಗೂ ಅದರ ಸದಸ್ಯೆಯಾಗಿದ್ದ ವಿನ್ನಿ 2023ರ ಜೂನ್‌ನಲ್ಲಿ, 93ನೆಯ ವಯಸ್ಸಿನಲ್ಲಿ ತೀರಿಕೊಂಡರು.