ಹೊಲಿಗೆ ಸೋರಿದಾಗ: ಅನ್ನನಾಳದ ಶಸ್ತ್ರಚಿಕಿತ್ಸೆಯ ಚರಿತ್ರೆ



ದಾವಣಗೆರೆ, ಹರಿಹರ ತಾಲ್ಲೂಕುಗಳ ಗದ್ದೆ ಬಯಲಿನಲ್ಲಿ ಓಡಾಡಿದವರಾದರೆ ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ: “ನಾಲೆಗೆ ನೀರು ಬಿಟ್ಟಿದ್ದಾರೆ, ಕೊನೆಭಾಗಕ್ಕೆ ಇನ್ನೂ ಬಂದಿಲ್ಲ.” ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯದಿಂದ ಹೊರಡುವ ಬಲದಂಡೆ ನಾಲೆಯ ನೀರು ಮೇಲ್ಭಾಗದ ಗದ್ದೆಗಳನ್ನೆಲ್ಲ ತಣಿಸಿ ಮುಂದೆ ಸಾಗಬೇಕು. ನೀರು ಕಡಿಮೆಯಾದ ವರ್ಷ ಕೊನೆಭಾಗದ ಪೈರು ಮೊದಲು ಬಾಡುತ್ತದೆ. ಇದನ್ನು ನೆನಪಿನಲ್ಲಿಡಿ. ಅನ್ನನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿದ ನಂತರ ಹೊಲಿಗೆ ಏಕೆ ಸೋರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇದರಲ್ಲೇ ಇದೆ.

ಅನ್ನನಾಳವೆಂದರೆ ಗಂಟಲಿನಿಂದ ಜಠರದವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಇದರ ಕ್ಯಾನ್ಸರ್ ನಮ್ಮ ರಾಜ್ಯಕ್ಕೆ ಅಪರೂಪದ್ದಲ್ಲ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯು ದಾಖಲಿಸುತ್ತ ಬಂದಿರುವ ಲೆಕ್ಕಗಳಲ್ಲಿ ಇದು ಪ್ರಮುಖ ಕ್ಯಾನ್ಸರುಗಳ ಸಾಲಿನಲ್ಲಿದೆ. ತಂಬಾಕು ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ಅಡಿಕೆ ಅಗಿಯುವುದರಿಂದಲೂ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಚನ್ನಗಿರಿಯ ಅಡಿಕೆ ತೋಟಗಳನ್ನು ಒಡಲಲ್ಲಿಟ್ಟುಕೊಂಡ ಜಿಲ್ಲೆಯ ಮಕ್ಕಳು ಇದನ್ನು ತಿಳಿದಿರಬೇಕು.

ರೋಗ ಹರಡಿಲ್ಲವಾದರೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯಬಹುದು. ಕತ್ತರಿಸಿದ ಮೇಲೆ ಅನ್ನ ಹೋಗುವ ದಾರಿ ಯಾವುದು? ಸಮಸ್ಯೆ ಆರಂಭವಾಗುವುದೇ ಇಲ್ಲಿ.

1913ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಫ್ರಾಂಜ್ ಟೊರೆಕ್ ಎದೆಯನ್ನು ತೆರೆದು, ಕ್ಯಾನ್ಸರ್ ತಗುಲಿದ ಅನ್ನನಾಳವನ್ನು ತೆಗೆದುಹಾಕುವುದರಲ್ಲಿ ಮೊದಲ ಬಾರಿಗೆ ಯಶಸ್ವಿಯಾದರು. ರೋಗಿ 67 ವರ್ಷದ ಮಹಿಳೆ. ಟೊರೆಕ್ ಒಳಗೆ ಯಾವ ಜೋಡಣೆಯನ್ನೂ ಮಾಡಲಿಲ್ಲ. ಕತ್ತಿನಲ್ಲಿ ಒಂದು ರಂಧ್ರ, ಹೊಟ್ಟೆಯಲ್ಲಿ ಇನ್ನೊಂದು ರಂಧ್ರ. ಎರಡರ ನಡುವೆ ಮೈಯ ಹೊರಗೆ ಒಂದು ರಬ್ಬರ್ ನಳಿಕೆ. ಆಕೆ ನುಂಗಿದ ಆಹಾರ ಆ ನಳಿಕೆಯ ಮೂಲಕ ಜಠರ ಸೇರುತ್ತಿತ್ತು. ಹೀಗೆಯೇ ಆಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಎದೆಯೊಳಗೆ ಜೋಡಣೆಯೇ ಇಲ್ಲದ ಮೇಲೆ ಅಲ್ಲಿ ಸೋರಿಕೆಯ ಭಯವೂ ಇಲ್ಲ!

ಆದರೆ ಎಲ್ಲರೂ ರಬ್ಬರ್ ನಳಿಕೆ ಕಟ್ಟಿಕೊಂಡು ಬದುಕಲಾದೀತೆ? 1930ರ ದಶಕದಲ್ಲಿ ಜಪಾನಿನ ಓಸಾವಾ, ಜಠರವನ್ನೇ ಮೇಲಕ್ಕೆಳೆದು ಉಳಿದ ಅನ್ನನಾಳಕ್ಕೆ ಎದೆಯೊಳಗೆ ಹೊಲಿದು ತೋರಿಸಿದರು. 1946ರಲ್ಲಿ ಲಂಡನ್ನಿನ ಐವರ್ ಲೂಯಿಸ್ ಈ ಕ್ರಮವನ್ನು ವ್ಯವಸ್ಥಿತಗೊಳಿಸಿದರು. ಇಂದಿಗೂ ಈ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು.

ಈಗ ನಾಲೆಯ ಮಾತಿಗೆ ಬರೋಣ. ಜಠರವನ್ನು ಮೇಲಕ್ಕೆಳೆಯಬೇಕಾದರೆ ಅದಕ್ಕೆ ರಕ್ತ ತರುವ ಹಲವು ನಾಳಗಳನ್ನು ಕಟ್ಟಿಹಾಕಲೇಬೇಕು. ಮುಖ್ಯವಾಗಿ ಬಲಗಡೆಯ ಒಂದು ರಕ್ತನಾಳ ಉಳಿಯುತ್ತದೆ. ಅದು ಕೆಳಗಿನಿಂದ ಜಠರದ ಅಂಚಿಗುಂಟ ಹರಿದು ಬಂದು ತುದಿ ಮುಟ್ಟುವಷ್ಟರಲ್ಲಿ ಕ್ಷೀಣಿಸಿರುತ್ತದೆ. ಹೊಲಿಗೆ ಬೀಳುವುದೋ ಆ ತುದಿಯ ಹತ್ತಿರವೇ! ರಕ್ತ ಸಾಲದ ಕಡೆ ಗಾಯ ಮಾಯುವುದಿಲ್ಲ. ಜೊತೆಗೆ ಕರುಳಿಗಿರುವಂಥ ಹೊರಪೊರೆ ಅನ್ನನಾಳಕ್ಕಿಲ್ಲವಾದ್ದರಿಂದ ಹೊಲಿಗೆ ಗಟ್ಟಿಯಾಗಿ ಕೂರುವುದೂ ಕಷ್ಟ. ಆದ್ದರಿಂದ ನುರಿತ ಕೈಯ ಹೊಲಿಗೆಯೂ ಸೋರಬಹುದು. ಇಂದಿಗೂ ದೊಡ್ಡ ದೊಡ್ಡ ಆಸ್ಪತ್ರೆಗಳ ಒಟ್ಟು ಲೆಕ್ಕದಲ್ಲಿ ನೂರು ಮಂದಿಗೆ ಹತ್ತರ ಆಸುಪಾಸಿನಲ್ಲಿ ಸೋರಿಕೆ ಕಾಣುತ್ತದೆ.

ಸೋರಿದರೆ ಏನಾಗುತ್ತದೆ? ಎಂಜಲು, ಆಹಾರ, ಜಠರರಸ, ಅವುಗಳೊಡನೆ ಬ್ಯಾಕ್ಟೀರಿಯಾಗಳು ಹೃದಯ ಮತ್ತು ಶ್ವಾಸಕೋಶಗಳ ನಡುವೆ ಸೇರುತ್ತವೆ. ಕೀವು ತುಂಬಿ, ನಂಜು ಮೈಗೆಲ್ಲ ಏರುತ್ತದೆ. ಹಿಂದಿನ ದಶಕಗಳಲ್ಲಿ ಎದೆಯೊಳಗಿನ ಸೋರಿಕೆಯಿಂದ ಪಾರಾದವರು ಕಡಿಮೆ.

ಇಂಗ್ಲೆಂಡಿನ ಕೆನೆತ್ ಮೆಕ್ಯೂನ್ ಬೇರೊಂದು ದಾರಿ ಹಿಡಿದರು. ಸೋರುವುದನ್ನು ಪೂರ್ತಿ ತಪ್ಪಿಸಲಾಗದಿದ್ದರೆ, ಅಪಾಯ ಕಡಿಮೆಯಿರುವ ಜಾಗದಲ್ಲಿ ಸೋರಲಿ! ಜಠರವನ್ನು ಇನ್ನೂ ಮೇಲಕ್ಕೆಳೆದು ಕತ್ತಿನಲ್ಲಿ ಹೊಲಿಯುವ ತಮ್ಮ ಕ್ರಮವನ್ನು ಅವರು 1976ರಲ್ಲಿ ವಿವರಿಸಿದರು. 1978ರಲ್ಲಿ ಅಮೆರಿಕದ ಒರಿಂಜರ್, ಎದೆಯನ್ನು ತೆರೆಯದೆಯೇ ಕತ್ತಿನಲ್ಲಿ ಜೋಡಿಸುವ ಕ್ರಮವನ್ನು ಮುಂದಿಟ್ಟರು. ಲೆಕ್ಕ ಹಾಕಿದರೆ ಕತ್ತಿನ ಹೊಲಿಗೆ ಎದೆಯ ಹೊಲಿಗೆಗಿಂತ ಹೆಚ್ಚಾಗಿಯೇ ಸೋರುತ್ತದೆ. ಆದರೆ ಕತ್ತಿನ ಗಾಯವನ್ನು ಸ್ವಲ್ಪ ಬಿಚ್ಚಿದರೆ ಬಹುತೇಕ ಕೀವು ಹೊರಗೆ ಹರಿದುಹೋಗುತ್ತದೆ. ಹೆಚ್ಚಿನವರಲ್ಲಿ ಗಾಯ ತಾನಾಗಿ ಮಾಯುತ್ತದೆ. ಸೋರಿಕೆಯ ಸಂಖ್ಯೆಯೊಂದನ್ನೇ ನೋಡಿ ಚಿಕಿತ್ಸೆಯ ಬೆಲೆ ಕಟ್ಟಲಾಗದು ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಮುಂದಿನ ಪ್ರಗತಿಯೆಲ್ಲ ಮೂರು ಸರಳ ಸೂತ್ರಗಳ ಮೇಲೆ ನಿಂತಿದೆ: ಬೇಗ ಗುರುತಿಸು, ಕೊಳೆಯನ್ನು ಹೊರಹಾಕು, ಹೊಟ್ಟೆಗೆ ಬೇರೆ ದಾರಿಯಿಂದ ಆಹಾರ ಕೊಡು. ಜ್ವರ ಬಂದರೆ, ನಾಡಿ ಕಾರಣವಿಲ್ಲದೆ ಓಡತೊಡಗಿದರೆ, ಎದೆಗೆ ಹಾಕಿದ ನಳಿಕೆಯಲ್ಲಿ ಎಂಜಲು ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿಗಳು ಸೋರುವ ಜಾಗವನ್ನು ತೋರಿಸುತ್ತವೆ. ಸಣ್ಣ ಕರುಳಿಗೆ ಇಳಿಸಿದ ನಳಿಕೆಯಿಂದ ಗಂಜಿಯಂಥ ದ್ರವಾಹಾರ ಸೇರುತ್ತದೆ. ಲೋಹದ ಜಾಲರಿಯ ಸ್ಟೆಂಟ್ ಒಳಗಿನಿಂದ ರಂಧ್ರವನ್ನು ಮುಚ್ಚುತ್ತದೆ. 2000ದ ನಂತರ ಜರ್ಮನಿಯ ವೈದ್ಯರು ಮತ್ತೊಂದು ಉಪಾಯವನ್ನು ಬಳಕೆಗೆ ತಂದರು. ರಂಧ್ರದ ಬಳಿ ಸ್ಪಂಜಿನ ತುಣುಕೊಂದನ್ನಿಟ್ಟು, ನಳಿಕೆಯ ಮೂಲಕ ನಿರಂತರವಾಗಿ ಹೀರಿ ತೆಗೆಯುವುದು. ಕೆಲವು ದಿನಕ್ಕೊಮ್ಮೆ ಸ್ಪಂಜನ್ನು ಬದಲಿಸುತ್ತಾರೆ. ಕೀವು ಹೊರಬಂದಂತೆ ಗುಳಿ ಕುಗ್ಗುತ್ತದೆ, ರಕ್ತಸಂಚಾರ ಹೆಚ್ಚಿ ಹೊಸ ಮಾಂಸ ಬೆಳೆಯುತ್ತದೆ. ಇವು ಯಾವುವೂ ಸಾಲದಿದ್ದಾಗ ಮಾತ್ರ ಮತ್ತೆ ಶಸ್ತ್ರಚಿಕಿತ್ಸೆ. 2015ರಲ್ಲಿ ಹಲವು ದೇಶಗಳ ತಜ್ಞರು ಒಂದುಗೂಡಿ, ಬೇಕಾಗುವ ಚಿಕಿತ್ಸೆಯನ್ನು ಆಧರಿಸಿ ಸೋರಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಅಲ್ಲಿಂದ ಮುಂದೆ ಒಂದು ಆಸ್ಪತ್ರೆಯ ಲೆಕ್ಕವನ್ನು ಇನ್ನೊಂದರ ಲೆಕ್ಕದೊಡನೆ ಹೋಲಿಸುವುದು ಸುಲಭವಾಯಿತು.

ದಾವಣಗೆರೆಯಲ್ಲಿ 1965ರಿಂದಲೂ ವೈದ್ಯಕೀಯ ಕಾಲೇಜು ಇದೆ. ನಿಮ್ಮಲ್ಲಿ ಕೆಲವರು ಮುಂದೆ ಅಲ್ಲಿಯೇ ಓದಬಹುದು. ಆದರೆ ವೈದ್ಯರಾಗುವ ಮೊದಲೇ ನೀವು ಮಾಡಬಹುದಾದ ಕೆಲಸಗಳಿವೆ. ಮನೆಯ ಹಿರಿಯರು “ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ, ಸಾರಿನಲ್ಲಿ ಕಲಸಿದ ಅನ್ನವಾದರೆ ಇಳಿಯುತ್ತದೆ” ಎಂದು ಎರಡು ವಾರ ಹೇಳಿದರೆ, ಅದನ್ನು ವಯಸ್ಸಿನ ಮೇಲೆ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆಯಾದವರ ಮಂಚದ ಬಳಿ “ಬಾಯಿಗೆ ಏನೂ ಕೊಡಬಾರದು” ಎಂದು ಹೇಳಿದ್ದರೆ ಅದರ ಅರ್ಥವನ್ನು ಬಂಧುಗಳಿಗೆ ವಿವರಿಸಿ. ಉಪವಾಸ ಕೆಡವಿದ್ದಾರೆಂದು ಮರುಗಿ, ಯಾರೂ ನೋಡದಾಗ ಎರಡು ಗುಟುಕು ಕಾಫಿ ಕುಡಿಸುವ ಅಕ್ಕರೆ ನಮ್ಮಲ್ಲಿ ಬಹಳ. ಒಳಗಿನ ಹಸಿ ಹೊಲಿಗೆಗೆ ಆ ಎರಡು ಗುಟುಕೂ ಭಾರವಾದೀತು. ಆಹಾರ ನಳಿಕೆಯಿಂದ ಹೋಗುತ್ತಲೇ ಇದೆ. ಬಾಯಿಂದ ಉಣ್ಣುವ ದಿನವನ್ನು ಹೊಲಿಗೆ ಮಾಯ್ದ ಮೇಲೆ ವೈದ್ಯರೇ ಹೇಳುತ್ತಾರೆ.